ಕಟ್ಟಿ ಬಿಚ್ಚುವ ಮನೆ

ಆಷಾಢ ಬಂತೆಂದರೆ ಚಾಮರಾಜನಗರದಲ್ಲಿ ಚಾಮರಾಜೇಶ್ವರನ ತೇರು. ಶುಭಕಾರ್ಯಗಳೆಲ್ಲ ನಿಂತಿರುವ ಆ ತಿಂಗಳಲ್ಲಿ ಹೊಸದಾಗಿ ಮದುವೆಯಾದ ಜೋಡಿಗಳು ದೂರದೂರದಿಂದ ಬಂದು ಹಣ್ಣು ಜವನ ಎಸೆಯುತ್ತಾರೆ. ಈ ಸೀಮೆಯ ತೇರುಗಳಲ್ಲಿ ಗಾಲಿ, ಅಚ್ಚು, ಕೆತ್ತನೆಯ ಪೀಠ ವರ್ಷವಿಡೀ ನಿಂತಿರುತ್ತವೆ. ಮೇಲಿನ ಗೋಪುರ ಮಾತ್ರ ಉತ್ಸವಕ್ಕೆ ಮುಂಚೆ ಏಳುತ್ತದೆ. ಮರದ ಚೌಕಟ್ಟು, ಬಿದಿರ ಗಳ, ಹಗ್ಗ, ಬಣ್ಣದ ಬಟ್ಟೆ. ನೂರಾರು ಕೈಗಳು ಎಳೆದು, ತಿರುವಿನಲ್ಲಿ ಗಾಲಿಗೆ ಗೊದ ಕೊಟ್ಟು, ಇಡೀ ತೇರು ಓಲಾಡಿದರೂ ಗಂಟು ಸಡಿಲುವುದಿಲ್ಲ. ಜಾತ್ರೆ ಮುಗಿದ ಮೇಲೆ ಅದೇ ಗಂಟುಗಳನ್ನು ಬಿಚ್ಚಿ ಗಳಗಳನ್ನು ಮುಂದಿನ ವರ್ಷಕ್ಕೆ ಎತ್ತಿಡುತ್ತಾರೆ.

ಕನ್ನಡದಲ್ಲಿ ಹೂವನ್ನು ಕಟ್ಟುತ್ತಾರೆ, ಬುತ್ತಿಯನ್ನು ಕಟ್ಟುತ್ತಾರೆ, ಚಪ್ಪರ ಕಟ್ಟುತ್ತಾರೆ, ಮನೆಯನ್ನೂ ಕಟ್ಟುತ್ತಾರೆ. ಕಟ್ಟಿದ್ದನ್ನು ಬಿಚ್ಚಬಹುದು ಎಂಬ ತಿಳಿವಳಿಕೆ ಆ ಕ್ರಿಯಾಪದದೊಳಗೇ ಇದೆ. ಹಳ್ಳಿಯ ಹಿರಿಯರು ಇವತ್ತಿಗೂ ‘ಮನೆ ಬಿಚ್ಚಿ ಕಟ್ಟುತ್ತಿದ್ದಾರೆ’ ಎನ್ನುವುದುಂಟು. ನಾಡಹೆಂಚಿನ ಮನೆಗೆ ಆ ಮಾತು ಸರಿ: ಹೆಂಚು ಇಳಿಸಿ, ರೀಪು ಕಳಚಿ, ತೊಲೆ, ಬಾಗಿಲು, ಕಿಟಕಿ ಬಿಡಿಸಿದರೆ ಉಳಿಯುವುದು ಮಣ್ಣಿನ ಗೋಡೆ, ಅದು ಕಲಸಿ ಮತ್ತೆ ಗೋಡೆಯಾಗುತ್ತದೆ. ಕಾಂಕ್ರೀಟಿನ ತಾರಸಿಯನ್ನು ಬಿಚ್ಚಲು ಬರುವುದಿಲ್ಲ, ಒಡೆಯಬೇಕು. ಒಡೆದದ್ದು ಕೆರೆಯಂಗಳಕ್ಕೋ ರಸ್ತೆ ಬದಿಗೋ ಹೋಗಿ ಬೀಳುತ್ತದೆ.

ಗುಂಡ್ಲುಪೇಟೆಯಿಂದಲೋ ಚಾಮರಾಜನಗರದಿಂದಲೋ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ ಆರ್ಕಿಟೆಕ್ಚರ್ ಓದಲು ಹೋಗುವ ವಿದ್ಯಾರ್ಥಿಯನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ಐದು ವರ್ಷದ ಓದಿನ ಕೊನೆಗೆ ತನ್ನದೇ ಒಂದು ವಿಷಯ ಆರಿಸಿಕೊಂಡು ವಿನ್ಯಾಸ ಮಾಡಿ ತೋರಿಸಬೇಕು. ಚಿಕ್ಕದಾದ, ಪರಿಸರಕ್ಕೆ ಭಾರವಾಗದ, ಬಿಚ್ಚಿ ಬೇರೆಡೆ ಜೋಡಿಸಬಹುದಾದ ಮನೆ ಎಂಬ ವಿಷಯ ಯಾರನ್ನಾದರೂ ಸೆಳೆಯುವಂಥದ್ದು. ಮೊಬೈಲಿನಲ್ಲಿ ಹುಡುಕಿದರೆ ಅಮೆರಿಕದ ಚಕ್ರದ ಮನೆಗಳು, ಬಣ್ಣ ಬಳಿದ ಹಡಗಿನ ಕಂಟೇನರ್‌ಗಳು ಸಾಲುಗಟ್ಟಿ ಬರುತ್ತವೆ. ಕಂಟೇನರು ಕಬ್ಬಿಣದ ಡಬ್ಬ. ಏಪ್ರಿಲ್ ಬಿಸಿಲಿನಲ್ಲಿ ಅದರೊಳಗೆ ಮಗುವನ್ನು ಮಲಗಿಸುವುದು ಹೇಗೆಂದು ಆ ಚಿತ್ರಗಳು ಹೇಳುವುದಿಲ್ಲ. ಹುಡುಕಾಟ ಊರಿನಿಂದಲೇ ಶುರುವಾದರೆ ಒಳ್ಳೆಯದು, ಏಕೆಂದರೆ ಬಿಚ್ಚುವ ಮನೆಯ ಅಗತ್ಯವೂ ಅದರ ಹಳೆಯ ಪಾಠಗಳೂ ಇಲ್ಲಿಯೇ ಇವೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಾಯದ ಜಾಗ ಬದಲಾದಂತೆ ಪೋಡನ್ನೂ, ಅಂದರೆ ತಮ್ಮ ವಸತಿಯನ್ನೂ, ಬದಲಾಯಿಸುತ್ತಿದ್ದರು. ಬಿದಿರು, ಹುಲ್ಲು, ಬಳ್ಳಿ, ಮಣ್ಣಿನ ಗುಡ್ಲು; ಬಿಟ್ಟು ಹೋದರೆ ಕೆಲವು ಮಳೆಗಾಲಗಳಲ್ಲಿ ಕಾಡು ಅದನ್ನು ತನ್ನೊಳಕ್ಕೆ ತೆಗೆದುಕೊಳ್ಳುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಆ ಅಲೆದಾಟ ನಿಂತಿತು. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ಅಂಚಿನಲ್ಲಿ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳಿವೆ. ಇವರಲ್ಲಿ ಅನೇಕರು ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗಿ ಲೈನ್ ಮನೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಬರುತ್ತಾರೆ. ಕೇರಳದ ಬೆಳೆಗಾರರು ಗುತ್ತಿಗೆಗೆ ಹಿಡಿದು ಶುಂಠಿ ಹಾಕುವ ಹೊಲಗಳ ಬದಿಯಲ್ಲಿ ಕೂಲಿಯವರ ಟಾರ್ಪಾಲಿನ ಶೆಡ್ಡುಗಳು ಏಳುತ್ತವೆ. ಬೆಳೆ ಮುಗಿದರೆ ಅವೂ ಹೋಗುತ್ತವೆ. ಆನೆ, ಹಂದಿ ಕಾಯಲು ರೈತರು ಕಟ್ಟುವ ಅಟ್ಟಣೆಗಳಂತೂ ಕಾಡಂಚಿನ ಪ್ರತಿ ಊರಿನಲ್ಲೂ ಇವೆ.

ಈ ಜಿಲ್ಲೆಯ ಇನ್ನೊಂದು ನೆನಪನ್ನೂ ಸೇರಿಸಬಹುದು. ಡಾ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಬಣ್ಣ ಹಚ್ಚಿದ ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳು ಕ್ಯಾಂಪಿನಿಂದ ಕ್ಯಾಂಪಿಗೆ ಇಡೀ ರಂಗಮಂದಿರವನ್ನೇ ಬಿಚ್ಚಿ ಹೊತ್ತುಕೊಂಡು ಹೋಗುತ್ತಿದ್ದವು.

ಹೊರಗಿನ ಜಗತ್ತಿನಲ್ಲೂ ಈ ಬಗೆಯ ಮನೆಗೆ ದೊಡ್ಡ ವಿನ್ಯಾಸಕಾರರು ಕೈ ಹಾಕಿದ್ದಾರೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಹೊತ್ತಿಗೆ, ಫ್ರಾನ್ಸಿನ ಜ್ಯಾಂ ಪ್ರೂವೆ ಲೊರೇನ್ ಪ್ರಾಂತ್ಯದ ನಿರಾಶ್ರಿತರಿಗಾಗಿ 6 ಮೀಟರ್ ಚೌಕದ ಮನೆ ರೂಪಿಸಿದರು. ನಡುವೆ ಮಡಚಿದ ಉಕ್ಕಿನ ತಗಡಿನ ಒಂದು ಕಮಾನುಗಾಲು, ಸುತ್ತ ಮರದ ಹಲಗೆಗಳು. ನಾಲ್ಕಾರು ಜನ ಸೇರಿ ಒಂದು ದಿನದಲ್ಲಿ ನಿಲ್ಲಿಸಬಹುದಿತ್ತು. ಚಂಡೀಗಢ ಕಟ್ಟಿದ ಲ ಕಾರ್ಬೂಸಿಯೆ 1952ರಲ್ಲಿ ತನಗೆಂದು ಕಡಲತೀರದಲ್ಲಿ ಕಟ್ಟಿಸಿಕೊಂಡ ಮರದ ಗುಡಿಸಲು 3.66 ಮೀಟರ್ ಚೌಕ, ಅಂದರೆ ಹನ್ನೆರಡಕ್ಕೆ ಹನ್ನೆರಡು ಅಡಿ. ಭುಜ್ ಭೂಕಂಪ ನಡೆದ 2001ರಲ್ಲಿ ಜಪಾನಿನ ಶಿಗೆರು ಬಾನ್ ಕಾಗದದ ಕೊಳವೆಗಳ ಗೋಡೆಯ ಮನೆಯನ್ನು ಗುಜರಾತಿಗೆ ತಂದರು. ಜಪಾನಿನ ಕೋಬೆಯಲ್ಲಿ 1995ರಲ್ಲಿ ಮರಳು ತುಂಬಿದ ಬಿಯರ್ ಕ್ರೇಟುಗಳ ಮೇಲೆ ಅವರು ಇಂಥ ಮನೆ ಕೂರಿಸಿದ್ದರು. ಭುಜ್‌ನಲ್ಲಿ ಕ್ರೇಟು ಕೈಬಿಟ್ಟು ಬಿದ್ದ ಮನೆಗಳ ಕಲ್ಲನ್ನೇ ಬುನಾದಿಗೆ ಬಳಸಿದರು, ನೆಲಕ್ಕೆ ಮಣ್ಣು ಹಾಕಿಸಿದರು, ಸೂರಿಗೆ ಬಿದಿರು ಮತ್ತು ಹೆಣೆದ ಚಾಪೆ ತಂದರು. ವಿದ್ಯಾರ್ಥಿ ಬಾನ್ ಅವರಿಂದ ಕಲಿಯಬೇಕಾದದ್ದು ಕಾಗದದ ಕೊಳವೆಯನ್ನಲ್ಲ, ಈ ಬದಲಾವಣೆಯನ್ನು.

ಹಾಗಾದರೆ ಗುಂಡ್ಲುಪೇಟೆಯ ಮನೆ ಹೇಗಿರಬೇಕು? ಮೊದಲು ಅಳತೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ 25 ಚದರ ಮೀಟರ್ ಎಂದು ನಿಗದಿಯಾಗಿದೆ. ಹದಿನೈದಕ್ಕೆ ಹದಿನೆಂಟು ಅಡಿ ಎಂದರೆ ಲೆಕ್ಕ ಹತ್ತಿರ ಬರುತ್ತದೆ. ವಾಸದ ಕೋಣೆ 9.5 ಚದರ ಮೀಟರಿಗಿಂತ ಕಡಿಮೆ ಇರಬಾರದು, ಅಗಲ 2.4 ಮೀಟರಿಗಿಂತ ಕಿರಿದಾಗಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಇಷ್ಟರಲ್ಲಿ ಐದು ಜನರ ಸಂಸಾರ ಹಿಡಿಯುತ್ತದೆಯೇ ಎಂದು ಪಟ್ಟಣದವರು ಕೇಳಬಹುದು. ಹಳ್ಳಿಮನೆಯ ಜಾಣ್ಮೆ ಇರುವುದು ಒಂದೇ ಜಾಗವನ್ನು ಹೊತ್ತುಹೊತ್ತಿಗೆ ಬೇರೆ ಮಾಡಿಕೊಳ್ಳುವುದರಲ್ಲಿ. ರಾತ್ರಿ ಹಾಸಿದ ಈಚಲು ಚಾಪೆ ಬೆಳಿಗ್ಗೆ ಸುರುಳಿಯಾಗಿ ಮೂಲೆ ಸೇರುತ್ತದೆ, ಮಲಗುವ ಮನೆ ಉಣ್ಣುವ ಮನೆಯಾಗುತ್ತದೆ. ಗೋಡೆಯಲ್ಲಿ ಗೂಡು, ತಲೆಯ ಮೇಲೆ ಅಟ್ಟ, ತೊಲೆಯಿಂದ ಇಳಿಬಿದ್ದ ನೆಲುವು. ಹಗಲಿನ ಅರ್ಧ ಬದುಕು ಜಗಲಿಯ ಮೇಲೆ. ಜಗಲಿ ಇಲ್ಲದ 25 ಚದರ ಮೀಟರ್ ಒಂದು ಡಬ್ಬ. ನಾಲ್ಕಡಿ ಜಗಲಿ ಸೇರಿದರೆ ಅದು ಮನೆ.

ಆಮೇಲೆ ತೂಕ. ಬಿಚ್ಚಿದ ಮನೆ ಯಾವುದರಲ್ಲಿ ಹೋಗುತ್ತದೆ ಎಂದು ಕೇಳದೆ ನಕ್ಷೆ ಬರೆಯಬಾರದು. ಹಳ್ಳಿಯಲ್ಲಿ ಸಿಗುವುದು ಟ್ರ್ಯಾಕ್ಟರಿನ ಟ್ರೇಲರು ಅಥವಾ ಟಾಟಾ ಏಸ್. ಏಸ್‌ನ ಹಿಂಬದಿ ಸುಮಾರು ಏಳಡಿ ಉದ್ದ, ಐದಡಿ ಅಗಲ. ಹೊರುವ ಭಾರ ಮುಕ್ಕಾಲು ಟನ್. ಮಂಗಳೂರು ಹೆಂಚು ಚದರ ಮೀಟರಿಗೆ 15ರಂತೆ ಬೇಕು, ಒಂದೊಂದರ ತೂಕ ಎರಡೂವರೆ ಕೆಜಿಯ ಆಸುಪಾಸು. ಸೂರಿನ ಇಳಿಜಾರು, ಜಗಲಿ ಸೇರಿಸಿ 35 ಚದರ ಮೀಟರ್ ಚಾವಣಿಯಾದರೆ 525 ಹೆಂಚು, 1,300 ಕೆಜಿ. ಹೆಂಚಿಗೇ ಎರಡು ಟ್ರಿಪ್. ಆದರೂ ಹೆಂಚು ಬಿಡುವಂಥದ್ದಲ್ಲ. ಸಾಧಾರಣ ಇಳಿಜಾರಿನಲ್ಲಿ ಅದಕ್ಕೆ ಮೊಳೆ ಬೇಡ, ಗಾರೆ ಬೇಡ; ಕಿವಿ ರೀಪಿಗೆ ಸಿಕ್ಕಿಸಿ, ಒಂದರ ತುಟಿ ಇನ್ನೊಂದರ ಮೇಲೆ ಕೂರಿಸಿದರೆ ಸಾಕು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹರಡಿದ ಈ ಹೆಂಚು ಕರ್ನಾಟಕ ಕಂಡ ಅತ್ಯುತ್ತಮ ಬಿಚ್ಚುವ ವಸ್ತು. ತಗಡು ಹಗುರ ನಿಜ. ಆದರೆ ಕೆಳಗೆ ಒಂದು ಗೇಣು ಸಂದು ಬಿಟ್ಟು ಬಿದಿರಿನ ಚಾಪೆಯ ಒಳಸೂರು ಹಾಕದಿದ್ದರೆ ಅದು ಮನೆಯವರನ್ನು ಬೇಯಿಸುತ್ತದೆ.

ಹಗುರ ಮನೆಗೆ ಇನ್ನೊಂದು ಅಪಾಯ ಗಾಳಿ. ಏಪ್ರಿಲ್-ಮೇ ತಿಂಗಳ ಬಿರುಗಾಳಿ ಮಳೆಗೆ ಈ ಜಿಲ್ಲೆಯಲ್ಲಿ ಬಾಳೆ ತೋಟಗಳು ನೆಲಕಚ್ಚುವುದು ವರ್ಷವರ್ಷದ ಸುದ್ದಿ. ಮನೆಯನ್ನು ಮೇಲಕ್ಕೆ ಎತ್ತುವ ಗಾಳಿಗೆ ಎದುರಾಗಿ ನೆಲಕ್ಕೆ ಹಿಡಿದಿಡುವ ಭಾರ ಬೇಕು. ಅದಕ್ಕೆ ಕಾಂಕ್ರೀಟು ಸುರಿದರೆ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು. ಉತ್ತರ ಹೊಲದ ಬೇಲಿಯಲ್ಲೇ ನಿಂತಿದೆ: ಕಲ್ಲುಕೂಚ. ಚಾಮರಾಜನಗರ ಕರಿಕಲ್ಲಿಗೆ ಹೆಸರಾದ ಜಿಲ್ಲೆ. ಸೀಳಿದ ಕಲ್ಲುಕಂಬ ಇಲ್ಲಿ ಬೇಲಿಯ ಸಾಮಾನು. ಮೂರಡಿ ಹೂತು, ಒಂದೂವರೆ ಅಡಿ ಮೇಲೆ ಬಿಟ್ಟು, ತಲೆಯಲ್ಲಿ ತೂತು ಕೊರೆದು ಮರದ ಕಂಬವನ್ನು ಬೋಲ್ಟಿನಿಂದ ಅದಕ್ಕೆ ಬಿಗಿದರೆ ಗಾಳಿಗೂ ಉತ್ತರ, ಗೆದ್ದಲಿಗೂ ಉತ್ತರ, ಜಡಿಮಳೆಯ ಕೆಸರಿಗೂ ಉತ್ತರ. ಹೊರಡುವಾಗ ಅಗೆದು ಕೀಳಬಹುದು, ಇಲ್ಲವೇ ಬೇಲಿಗೆ ಬಿಟ್ಟು ಹೋಗಬಹುದು.

ಗೋಡೆಗೆ ಬರೋಣ. ರೇಷ್ಮೆ ಬೆಳೆಯುವ ಈ ಸೀಮೆಯಲ್ಲಿ ಚಂದ್ರಿಕೆ ಕಾಣದವರಿಲ್ಲ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ, ಹೆಚ್ಚೂಕಡಿಮೆ ಆರಕ್ಕೆ ನಾಲ್ಕು ಅಡಿಯ ಬಿದಿರ ತಟ್ಟಿ ಅದು. ಹೆಣೆದ ತಟ್ಟಿಯ ಮೇಲೆ ಬಿದಿರಿನ ತೆಳು ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೊಲಿದಿರುತ್ತಾರೆ. ಒಬ್ಬ ಹೆಣ್ಣುಮಗಳು ಒಂದೇ ಕೈಯಲ್ಲಿ ಎತ್ತಿ ಬಿಸಿಲಿಗೆ ಒರಗಿಸುತ್ತಾಳೆ, ಕೆಲಸ ಮುಗಿದರೆ ತೊಳೆದು ಒಂದರ ಮೇಲೊಂದು ಜೋಡಿಸಿಡುತ್ತಾಳೆ. ಬಿಚ್ಚುವ ಗೋಡೆಗೆ ಇದಕ್ಕಿಂತ ಒಳ್ಳೆಯ ಅಳತೆ ಯಾವ ಪುಸ್ತಕದಲ್ಲೂ ಸಿಗದು. ಮೇದರ ಕೈ ಆ ಅಳತೆಗೆ ಪಳಗಿದೆ, ಏಸ್‌ನ ಹಿಂಬದಿಗೂ ಅದು ಕೂರುತ್ತದೆ. ಸುತ್ತ ಮರದ ಚೌಕಟ್ಟು ಹಾಕಿದ ದಪ್ಪ ತಟ್ಟಿಗೆ ಹೊರಗಿನಿಂದ ಸಗಣಿ ಬೆರೆಸಿದ ಮಣ್ಣು ಮೆತ್ತಿದರೆ ಗೋಡೆ. ಬಿಚ್ಚುವಾಗ ಮಣ್ಣನ್ನು ತಟ್ಟಿ ಉದುರಿಸಿ ಅಲ್ಲೇ ಬಿಡುವುದು. ಒಳಗಿನ ಅಡ್ಡಗೋಡೆ, ಕಪಾಟು, ಮಣೆಗಳಿಗೆ ಲಂಟಾನ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1997 ಮತ್ತು 2008ರ ನಡುವೆ ಈ ಕಳೆಯ ಹರವು ಸುಮಾರು ಎರಡರಷ್ಟಾಯಿತೆಂದು ಸಂಶೋಧಕರು ಅಳೆದು ಹೇಳಿದ್ದಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಸೋಲಿಗರೊಂದಿಗೆ ಲಂಟಾನ ಕುಶಲಕಲಾ ಕೇಂದ್ರ ನಡೆಸಿದೆ; ಕಡ್ಡಿಗಳನ್ನು ಬೇಯಿಸಿ, ತೊಗಟೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸಿ ಕುರ್ಚಿ, ಸೋಫಾ ಮಾಡುತ್ತಾರೆ.

ಬಿದಿರಿನದ್ದು ಬೇರೆ ಕಥೆ. ಅದರೊಳಗಿನ ಪಿಷ್ಟಕ್ಕೆ ಕುಟ್ಟೆ ಹುಳು ಮುಗಿಬೀಳುತ್ತದೆ. ಹಿರಿಯರು ಕಡಿದ ಬಿದಿರನ್ನು ವಾರಗಟ್ಟಲೆ ಕೆರೆ ನೀರಿನಲ್ಲಿ ಮುಳುಗಿಸಿಡುತ್ತಿದ್ದದ್ದು ಅದಕ್ಕೇ; ಈಗ ಬೋರಾಕ್ಸ್, ಬೋರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ನೆನೆಸುತ್ತಾರೆ. ಹೊಲದಲ್ಲಿ ಬೆಳೆದ ಬಿದಿರನ್ನು ಅರಣ್ಯ ಕಾಯ್ದೆಯ 2017ರ ತಿದ್ದುಪಡಿ ಮರದ ಪಟ್ಟಿಯಿಂದ ಹೊರಗಿಟ್ಟಿದ್ದರಿಂದ ಕಡಿಯಲು, ಸಾಗಿಸಲು ಇದ್ದ ತೊಡಕೂ ತಗ್ಗಿದೆ.

ಎಲ್ಲಕ್ಕಿಂತ ಕಷ್ಟದ್ದು ಕೀಲು, ಎರಡು ತುಂಡು ಸೇರುವ ಜಾಗ. ಬಿದಿರಿಗೆ ಮೊಳೆ ಹೊಡೆದರೆ ಉದ್ದಕ್ಕೆ ಸೀಳುತ್ತದೆ; ತೂತು ಕೊರೆದು ಬೋಲ್ಟು ಹಾಕಬೇಕು, ಅದೂ ಗೆಣ್ಣಿನ ಹತ್ತಿರ. ನೆನೆಸಿದ ನಾರಿನಿಂದ ಕಟ್ಟಿದರೆ ಒಣಗುತ್ತಾ ಬಿಗಿಯುತ್ತದೆ, ಆದರೆ ಹಸಿ ಬಿದಿರು ತಾನೂ ಒಣಗಿ ಸಣ್ಣಗಾಗುವುದರಿಂದ ಗಂಟು ಸಡಿಲಾಗುತ್ತದೆ. ಕಂಪ್ಯೂಟರಿನ ಚಿತ್ರದಲ್ಲಿ ಇದು ಯಾವುದೂ ಕಾಣುವುದಿಲ್ಲ. ಈ ವಿಷಯ ಹಿಡಿದ ವಿದ್ಯಾರ್ಥಿಯಿಂದ ಕಾಲೇಜುಗಳು ಒಂದನ್ನು ಕೇಳಬೇಕು: ಒಂದು ಮೂಲೆಯನ್ನಾದರೂ ನಿಜ ಅಳತೆಯಲ್ಲಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ತೋರಿಸಲಿ. ಎರಡನೆಯ ಸಲ ಎಷ್ಟು ತುಂಡು ಹಾಳಾಯಿತು, ಎಷ್ಟು ಬೋಲ್ಟು ಕಳೆಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಲಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಬಿಡುವಂತಿಲ್ಲ. ಹಾಡಿಯಲ್ಲಿ ಹೋಗಿ ಕೇಳಿದರೆ ಅನೇಕರು ಬಯಸುವುದು ಗಟ್ಟಿ ಗೋಡೆ, ತಾರಸಿಯ ಮನೆಯನ್ನೇ. ಹುಲ್ಲಿನ ಸೂರು ಆಗಾಗ ಹೊದಿಸಬೇಕು, ಹುಲ್ಲಿಗೆ ಕಾಡಿಗೆ ಹೋಗಬೇಕು, ಕಾಡಿಗೆ ಹೋಗಲು ಅಡ್ಡಿಗಳಿವೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಕಂಡವರಿಗೆ ಹುಲ್ಲಿನ ಸೂರಿನಡಿ ನಿದ್ದೆ ಬರುವುದು ಸುಲಭವಲ್ಲ. ಅದಕ್ಕಿಂತ ದೊಡ್ಡದು ಹಕ್ಕಿನ ಪ್ರಶ್ನೆ. ಗೋಡೆ ಗಟ್ಟಿಯಿದ್ದರೆ ಎಬ್ಬಿಸಿ ಕಳಿಸುವುದು ಕಷ್ಟ ಎಂದು ಒಕ್ಕಲೆದ್ದವರಿಗೆ ಗೊತ್ತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ದೊರೆತದ್ದು ದೀರ್ಘ ಹೋರಾಟದ ಫಲ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನುಕುರುಬರಂಥ ಸಮುದಾಯಗಳಿಗೆ 2023ರ ಪಿಎಂ ಜನಮನ್ ಯೋಜನೆಯಲ್ಲಿ ಮನೆಗೆ 2 ಲಕ್ಷ ರೂಪಾಯಿ ಇದೆ. ಬಿಚ್ಚುವ ಮನೆಯ ನಕ್ಷೆ ತೋರಿಸಿ ಆ ಹಣವನ್ನು ಕಡಿಮೆ ಮಾಡುವುದಾಗಲಿ, ಇವರಿಗೆ ಇಷ್ಟೇ ಸಾಕು ಎನ್ನುವುದಾಗಲಿ ಅನ್ಯಾಯ. ಜಾಗದ ಹಕ್ಕುಪತ್ರ ಕೈಯಲ್ಲಿದ್ದು, ಬಿಚ್ಚುವ ತೀರ್ಮಾನ ಮನೆಯವರದ್ದೇ ಆದಾಗ ಮಾತ್ರ ಈ ಮನೆಗೆ ಗೌರವ. ಶೌಚಾಲಯದ ಅವಳಿ ಗುಂಡಿಯನ್ನು ಹೇಗೂ ಹೊತ್ತುಕೊಂಡು ಹೋಗಲಾಗದು. ಅದನ್ನು ಜಾಗಕ್ಕೆ ಸೇರಿದ್ದೆಂದು ಮೊದಲೇ ಗಟ್ಟಿಯಾಗಿ ಕಟ್ಟಬೇಕು.

ವಿದ್ಯಾರ್ಥಿಯ ಮೊದಲ ಪ್ರಯೋಗಕ್ಕೆ ಸಂಸಾರದ ಮನೆಗಿಂತ ಅಟ್ಟಣೆಯೇ ತಕ್ಕದ್ದು. ಸೋತರೂ ಯಾರ ಸೂರೂ ಹೋಗುವುದಿಲ್ಲ. ಓಣಂ ಹೊತ್ತಿಗೆ ಗುಂಡ್ಲುಪೇಟೆಯ ಚೆಂಡುಹೂ ಲಾರಿ ಹತ್ತಿ ಕೇರಳದ ಕಡೆ ಹೊರಡುತ್ತದೆ. ರಾತ್ರಿಯಿಡೀ ಬ್ಯಾಟರಿ ಹಿಡಿದು ಬೆಳೆ ಕಾದವರು ಕೊಯ್ಲಾದ ಮೇಲೆ ಅಟ್ಟಣೆಯ ಹಗ್ಗ ಬಿಚ್ಚುತ್ತಾರೆ. ಸರ್ವೆ ಗಳಗಳು ಮುಂದಿನ ಟೊಮೆಟೊ ಸಾಲಿಗೆ ಊರುಗೋಲಾಗುತ್ತವೆ, ತಟ್ಟಿ ದನದ ಕೊಟ್ಟಿಗೆಯ ಮರೆಗೆ ಹೋಗುತ್ತದೆ, ಹಗ್ಗ ಸುರುಳಿ ಸುತ್ತಿಕೊಂಡು ಅಟ್ಟ ಸೇರುತ್ತದೆ.