ಫ್ರೀಮೇಸನ್ ಲಾಡ್ಜ್‌ನಲ್ಲಿ ಸೈತಾನನ ಪೂಜೆ ನಡೆಯುತ್ತದೆಯೇ? 1843ರಲ್ಲಿ ಬಾಂಬೆಯಲ್ಲಿ ಹುಟ್ಟಿದ ಒಂದು ಲಾಡ್ಜ್‌ನ ಕಥೆ

ಮನೆಯವರ ಗ್ರೂಪಿನಲ್ಲಿ ಇಂಥದ್ದೊಂದು ಮೆಸೇಜ್ ನಿಮಗೂ ಬಂದಿರಬಹುದು. ಹಳೆಯ ಕಟ್ಟಡದ ಫೋಟೋ, ಬಾಗಿಲ ಮೇಲೊಂದು ವಿಚಿತ್ರ ಚಿಹ್ನೆ. ಕೆಳಗೆ, “ಇಲ್ಲಿ ರಾತ್ರಿ ಸೈತಾನನ ಪೂಜೆ ನಡೆಯುತ್ತದೆ. ಜಗತ್ತನ್ನು ಆಳುವವರು ಇವರೇ. ಡಿಲೀಟ್ ಆಗುವ ಮೊದಲು ಎಲ್ಲರಿಗೂ ಕಳಿಸಿ.”

ಕಳಿಸುವ ಮೊದಲು ಐದು ನಿಮಿಷ ಕೊಡಿ. ಇಂಥ ಒಂದು ಲಾಡ್ಜ್ ನಿಜವಾಗಿ ಹೇಗೆ ಶುರುವಾಯಿತು ಎಂದು ನೋಡೋಣ.

ಲಾಡ್ಜ್ ಎಂದರೆ ಏನು?

ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ರೂಮ್ ಬಾಡಿಗೆಗೆ ಕೊಡುವ ಲಾಡ್ಜ್ ಅಲ್ಲ ಇದು. ಮೇಸನ್ ಎಂದರೆ ಕಲ್ಲು ಕೆಲಸದವನು. ಯುರೋಪಿನಲ್ಲಿ ದೊಡ್ಡ ಕಟ್ಟಡ ಕಟ್ಟುತ್ತಿದ್ದ ಕಲ್ಲುಕುಟಿಗರು ಸೇರುತ್ತಿದ್ದ ಕೊಟ್ಟಿಗೆಗೆ ಲಾಡ್ಜ್ ಎನ್ನುತ್ತಿದ್ದರು. ಕಾಲಕ್ರಮೇಣ ಕಲ್ಲು ಮುಟ್ಟದವರೂ ಇಂಥ ಕೂಟಗಳಿಗೆ ಸೇರಿದರು, ಅದು ಸ್ನೇಹ ಮತ್ತು ದಾನಧರ್ಮದ ಸಂಘವಾಯಿತು. ಲಂಡನ್ನಿನ ನಾಲ್ಕು ಲಾಡ್ಜ್‌ಗಳು 1717ರಲ್ಲಿ ಒಂದು ಹೋಟೆಲಿನಲ್ಲಿ ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು ಎಂಬುದು ಅವರ ಸಂಪ್ರದಾಯ.

ಫೋಟೋದಲ್ಲಿ ಕಾಣುವ “ವಿಚಿತ್ರ ಚಿಹ್ನೆ” ಕೂಡ ಅಲ್ಲಿಂದಲೇ ಬಂದದ್ದು. ಅದರಲ್ಲಿರುವುದು ಮೂಲೆಮಟ್ಟ ಮತ್ತು ಕೈವಾರ. ಒಂದು ನಮ್ಮ ಗಾರೆ ಮೇಸ್ತ್ರಿಯ ಚೀಲದಲ್ಲಿದೆ, ಇನ್ನೊಂದು ಮಕ್ಕಳ ಕಂಪಾಸ್ ಬಾಕ್ಸ್‌ನಲ್ಲಿದೆ.

ಹೊಸ ಲಾಡ್ಜ್ ಬೇಕೆಂದರೆ ಈಗಾಗಲೇ ಸದಸ್ಯರಾಗಿರುವ ಕೆಲವರು ಗ್ರ್ಯಾಂಡ್ ಲಾಡ್ಜ್‌ಗೆ ಅರ್ಜಿ ಹಾಕಬೇಕು. ಒಪ್ಪಿಗೆ ಸಿಕ್ಕರೆ ಒಂದು ಸನ್ನದು ಬರುತ್ತದೆ. ಲಾಡ್ಜ್‌ಗೆ ಹೆಸರು, ನಂಬರ್, ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ಇರುತ್ತಾರೆ. ನಮ್ಮ ಸಹಕಾರ ಸಂಘ ನೋಂದಣಿ ಮಾಡಿದ ಹಾಗೆಯೇ.

ಬಾಂಬೆಯಲ್ಲಿ ಆಗಿದ್ದೇನು?

ಭಾರತಕ್ಕೆ ಲಾಡ್ಜ್‌ಗಳು ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಜೊತೆ. ಮೊದಲು ಕಲ್ಕತ್ತೆ, ಆಮೇಲೆ ಮದ್ರಾಸ್ ಮತ್ತು ಬಾಂಬೆ. “ಎಲ್ಲ ಮನುಷ್ಯರೂ ಸಹೋದರರು” ಎನ್ನುವುದು ಅವರ ತತ್ವ. ಆದರೆ ಒಳಗೆ ಕೂತವರು ಹೆಚ್ಚಾಗಿ ಬಿಳಿಯರೇ. ಆರ್ಕಾಟ್ ನವಾಬರ ಮಗನಂಥ ಬೆರಳೆಣಿಕೆಯ ರಾಜಮನೆತನದವರಿಗೆ ಬಾಗಿಲು ತೆರೆದಿತ್ತು, ಅಷ್ಟೆ.

ಹೊಸಬರನ್ನು ಸೇರಿಸಿಕೊಳ್ಳಲು ಅಲ್ಲಿ ಗುಪ್ತ ಮತದಾನ ನಡೆಯುತ್ತದೆ. ಒಪ್ಪಿಗೆಗೆ ಬಿಳಿ ಗುಂಡು, ಬೇಡ ಎನ್ನಲು ಕಪ್ಪು ಗುಂಡು. ಯಾರು ಬೇಡ ಎಂದರು, ಯಾಕೆ ಎಂದರು ಎಂದು ಯಾರೂ ಹೇಳಬೇಕಿಲ್ಲ.

ಮಾಣೆಕ್‌ಜಿ ಕರ್ಸೆಟ್‌ಜಿ ಬಾಂಬೆಯ ವಿದ್ಯಾವಂತ ಪಾರ್ಸಿ. ಮುಂದೆ ಅದೇ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು. ತಮ್ಮ ಊರಿನ ಲಾಡ್ಜ್‌ನಲ್ಲಿ ಅವರಿಗೆ ಜಾಗ ಸಿಗಲಿಲ್ಲ. ದೀಕ್ಷೆ ಪಡೆದದ್ದು ದೂರದ ಪ್ಯಾರಿಸ್‌ನಲ್ಲಿ.

ಆಗ ಪಶ್ಚಿಮ ಭಾರತದಲ್ಲಿ ಸ್ಕಾಟ್‌ಲೆಂಡ್ ಶಾಖೆಯ ಮುಖ್ಯಸ್ಥರಾಗಿದ್ದವರು ಜೇಮ್ಸ್ ಬರ್ನ್ಸ್ ಎಂಬ ವೈದ್ಯರು. ಭಾರತೀಯರಿಗೂ ಬಾಗಿಲು ತೆರೆದಿರುವ ಹೊಸ ಲಾಡ್ಜ್ 1843ರ ಡಿಸೆಂಬರ್‌ನಲ್ಲಿ ಅವರ ನೇತೃತ್ವದಲ್ಲಿ ಶುರುವಾಯಿತು. ಹೆಸರು “ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ”. ಪಾರ್ಸಿಗಳು, ಮುಸ್ಲಿಮರು ಅದಕ್ಕೆ ಸೇರಿದರು.

ಹಿಂದೂಗಳ ದಾರಿ ಇನ್ನೂ ಉದ್ದವಾಗಿತ್ತು. “ಇವರಿಗೆ ದೇವರು ಬಹಳ, ನಮ್ಮ ನಿಯಮಕ್ಕೆ ಹೊಂದುವುದಿಲ್ಲ” ಎಂಬ ವಾದವಿತ್ತು. ಕಲ್ಕತ್ತೆಯ ಪ್ರಸನ್ನ ಕುಮಾರ ದತ್ತ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರು, ಪ್ರವೇಶ ಸಿಕ್ಕಿದ್ದು 1872ರಲ್ಲಿ. ಅದಾಗಿ 12 ವರ್ಷಕ್ಕೆ, 1884ರಲ್ಲಿ, ಅದೇ ಊರಿನ ಲಾಡ್ಜ್‌ಗೆ ಸೇರಿದ ಯುವಕ ನರೇಂದ್ರನಾಥ ದತ್ತ. ಮುಂದೆ ಸ್ವಾಮಿ ವಿವೇಕಾನಂದರಾದವರು ಅವರೇ.

ಹಾಗಾದರೆ ಸೈತಾನ ಎಲ್ಲಿಂದ ಬಂದ?

ಫ್ರಾನ್ಸ್‌ನಿಂದ. ಲಿಯೋ ಟಾಕ್ಸಿಲ್ ಎಂಬ ಬರಹಗಾರ 1880 ಮತ್ತು 90ರ ದಶಕಗಳಲ್ಲಿ ಮೇಸನ್‌ಗಳ ಸೈತಾನ ಪೂಜೆಯ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆದ. ಜನ ನಂಬಿ ಕೊಂಡರು. 1897ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಸಭೆ ಕರೆದು, ಅದೆಲ್ಲ ತಾನೇ ಹೆಣೆದ ಕಟ್ಟುಕಥೆ ಎಂದು ಅವನೇ ಒಪ್ಪಿಕೊಂಡ. ತಪ್ಪೊಪ್ಪಿಗೆ ಮರೆತುಹೋಯಿತು, ಕಥೆ ಮಾತ್ರ ಇವತ್ತಿಗೂ ಫಾರ್ವರ್ಡ್ ಆಗುತ್ತಿದೆ.

ಇನ್ನು ಅವರ ಗುಟ್ಟು? ಸಂಕೇತದ ಕೈಕುಲುಕು, ಗುಪ್ತ ಪದ, ದೀಕ್ಷೆಯ ವಿಧಿಗಳು ಇರುವುದು ನಿಜ. ಆದರೆ ಅವು 1730ರಲ್ಲೇ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾಗಿವೆ. ಭಾರತದ ಲಾಡ್ಜ್‌ಗಳಲ್ಲಿ ಪೀಠದ ಮೇಲೆ ಇಡುವುದು ಭಗವದ್ಗೀತೆ, ಕುರಾನ್, ಬೈಬಲ್‌ನಂಥ ಧರ್ಮಗ್ರಂಥಗಳನ್ನು. ದೇವರನ್ನು ನಂಬದವರಿಗೆ ಅಲ್ಲಿ ಪ್ರವೇಶವೇ ಇಲ್ಲ.

ಟೀಕೆ ಮಾಡಬಾರದೇ?

ಖಂಡಿತ ಮಾಡಬಹುದು. ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ 1961ರಲ್ಲಿ ಸ್ಥಾಪನೆಯಾಯಿತು. ಅದರ ಲಾಡ್ಜ್‌ಗಳು ಬೆಂಗಳೂರಿನಲ್ಲೂ ಇವೆ. ಅಲ್ಲಿ ಇವತ್ತಿಗೂ ಹೆಣ್ಣುಮಕ್ಕಳಿಗೆ ಸದಸ್ಯತ್ವವಿಲ್ಲ. ಇಟಲಿಯಲ್ಲಿ “ಪಿ2” ಎಂಬ ಲಾಡ್ಜ್ ನಿಜಕ್ಕೂ ಪ್ರಭಾವಿಗಳ ಗುಪ್ತ ಕೂಟವಾಗಿತ್ತು. 1981ರಲ್ಲಿ ಪೊಲೀಸರಿಗೆ ಅದರ ಸದಸ್ಯರ ಪಟ್ಟಿ ಸಿಕ್ಕಿತು, ಸರ್ಕಾರವೇ ಬಿದ್ದುಹೋಯಿತು. ಅದು ಬಯಲಾದದ್ದು ಪಟ್ಟಿಯಿಂದ, ತನಿಖೆಯಿಂದ. ಫೋಟೋ ಮೇಲೆ ಕೆಂಪು ಬಾಣ ಹಾಕಿದ್ದರಿಂದ ಅಲ್ಲ.

ಸುಳ್ಳಿಗೆ ಬೆಲೆಯೂ ಇದೆ. “ಯಹೂದಿಗಳೂ ಮೇಸನ್‌ಗಳೂ ಸೇರಿ ಜಗತ್ತನ್ನು ನುಂಗುತ್ತಿದ್ದಾರೆ” ಎಂಬ ಕಟ್ಟುಕಥೆಯನ್ನು ನಾಜಿಗಳು ಪ್ರಚಾರಕ್ಕೆ ಬಳಸಿದರು. 1935ರ ಹೊತ್ತಿಗೆ ಜರ್ಮನಿಯ ಲಾಡ್ಜ್‌ಗಳೆಲ್ಲ ಮುಚ್ಚಿದ್ದವು. ಯಹೂದಿಗಳಿಗೆ ಆಮೇಲೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು.

ಬಾಗಿಲು ಮುಚ್ಚಿದ ಕೋಣೆ ಕಂಡಾಗ ಅನುಮಾನ ಬರುವುದು ಸಹಜ. ಆಗ ಕೇಳಬೇಕಾದ ಪ್ರಶ್ನೆಗಳು ಎರಡು: ಒಳಗೆ ಯಾರನ್ನು ಬಿಡುತ್ತಿಲ್ಲ, ಯಾಕೆ ಬಿಡುತ್ತಿಲ್ಲ? 1843ರಲ್ಲಿ ಬಾಂಬೆಯ ಲಾಡ್ಜ್ ಹುಟ್ಟಿದ್ದು ಇದೇ ಪ್ರಶ್ನೆಯಿಂದ. ಮುಂದಿನ ಸಲ ಆ ಫೋಟೋ ಬಂದರೆ ಫಾರ್ವರ್ಡ್ ಒತ್ತುವ ಬದಲು, “ಇದು ಎಲ್ಲಿ ಸಿಕ್ಕಿತು?” ಎಂದು ಕಳಿಸಿದವರನ್ನೇ ಕೇಳಿ ನೋಡಿ.