ನೆಲ ನಿಂತ ಮೇಲೂ ಜಾರುವ ಕಟ್ಟಡ
ಕೋಲ್ಕತ್ತಾ ಕೂತಿರೋದು ಗಂಗೆಯ ಮೆತ್ತನೆ ಮಣ್ಣಿನ ಮೇಲೆ. 2015ರ ನೇಪಾಳ ಭೂಕಂಪ ಇಲ್ಲಿಯವರೆಗೂ ತಟ್ಟಿತ್ತು. ಇಲ್ಲಿನ ಒಂದು ಕಟ್ಟಡದ ಸಿಮ್ಯುಲೇಶನ್ ಓಡಿಸಿದ್ರೆ, ಕಂಪನ ನಿಂತ ಮೇಲೂ ಬಿಲ್ಡಿಂಗ್ ಒಂದೇ ದಿಕ್ಕಿಗೆ ಜಾರ್ತಾನೇ ಇತ್ತು. ಎರಡು ದಿನ ಕೋಡನ್ನೇ ಬೈದೆ. ತಪ್ಪಿದ್ದದ್ದು ಇನ್‌ಪುಟ್‌ನಲ್ಲಿ.

ನೆಲದ ವೇಗೋತ್ಕರ್ಷವನ್ನು ಎರಡು ಸಲ ಇಂಟಿಗ್ರೇಟ್ ಮಾಡಿ, ಬಂದ ಸ್ಥಾನಪಲ್ಲಟವನ್ನು ತಳಕ್ಕೆ ಕೊಟ್ಟಿದ್ದೆ. ದಾಖಲೆಯ ಸೊನ್ನೆಗೆರೆ ಗುರುತ್ವದ ಸಾವಿರದಲ್ಲೊಂದು ಪಾಲು ಸರಿದಿದ್ರೂ ಸಾಕು, 40 ಸೆಕೆಂಡಿಗೆ ಅದು ಸುಮಾರು 8 ಮೀಟರ್!

ಕಂಪನಕ್ಕೆ ಮುಂಚಿನ ಭಾಗದ ಸರಾಸರಿಯನ್ನು ಇಡೀ ದಾಖಲೆಯಿಂದ ಕಳೀರಿ. ಕೊನೆಗೆ ನೆಲದ ವೇಗ ಸೊನ್ನೆಗೆ ಬರುತ್ತಾ ನೋಡಿ. ಬಂದ ಮೇಲೂ ಮಹಡಿಗಳ ನಡುವೆ ಓರೆ ಉಳಿದಿದ್ರೆ ಫಿಲ್ಟರ್ ಹಾಕಿ ಮುಚ್ಚಬೇಡಿ. ಕಂಬ ನಿಜವಾಗ್ಲೂ ಬಾಗಿರಬಹುದು.