ಟೈರಿನ ಸವಕಳಿ: ಕ್ರೂಸರ್ ಬೈಕಿಗೆ ಹೊಸ ಟೈರ್ ಕೊಳ್ಳುವ ಮುನ್ನ

ಸವಕಳಿ ಎಂದರೇನು ಎಂದು ಕೇಳಿದರೆ ನಮ್ಮ ಕಾಮರ್ಸ್ ವಿಭಾಗದ ಯಾರಾದರೂ ತಟ್ಟನೆ ಹೇಳುತ್ತಾರೆ: ಬಳಕೆಯಿಂದ ಅಥವಾ ಕಾಲ ಕಳೆದಂತೆ ಆಸ್ತಿಯ ಮೌಲ್ಯ ಕಡಿಮೆಯಾಗುವುದು. ಬೈಕಿನ ಟೈರಿನಲ್ಲಿ ಈ ಎರಡೂ ಕಾರಣಗಳನ್ನು ಕಣ್ಣಾರೆ ನೋಡಬಹುದು. ನಮ್ಮ ಮನೆಯಲ್ಲಿ ಬಜಾಜ್ ಅವೆಂಜರ್ 220 ಇದೆ. ಅದರ ಹಿಂದಿನ ಟೈರ್ ಬದಲಿಸುವ ಸಮಯ ಬಂದಾಗ ಅಬ್ಬಾ, "ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಹಾಕಿ ಹೇಳು" ಎಂದರು. ನನಗೆ ಲೈಸೆನ್ಸ್ ಇಲ್ಲ, ಬೈಕ್ ಓಡಿಸುವುದಿಲ್ಲ. ಆದರೆ ದಿನವೂ ಅದರ ಹಿಂದಿನ ಸೀಟಿನಲ್ಲಿ ಕೂತು ಕಾಲೇಜಿಗೆ ಬರುವವಳು ನಾನು. ಹಾಗಾಗಿ ಆಸಕ್ತಿಯಿಂದಲೇ ತಿಳಿದುಕೊಂಡೆ.

ಯಾವಾಗ ಬದಲಿಸಬೇಕು?

ಮೊದಲನೆಯದು ಬಳಕೆ. ಟೈರಿನ ತೋಡುಗಳು ಮಳೆನೀರನ್ನು ಪಕ್ಕಕ್ಕೆ ತಳ್ಳುತ್ತವೆ. ತೋಡು ಸವೆದರೆ ಟೈರಿಗೂ ರಸ್ತೆಗೂ ನಡುವೆ ನೀರು ಉಳಿದು ಬೈಕ್ ಜಾರುತ್ತದೆ. ದ್ವಿಚಕ್ರ ವಾಹನಗಳಲ್ಲಿ ತೋಡಿನ ಆಳ 0.8 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅಳೆಯಲು ಉಪಕರಣ ಬೇಕಿಲ್ಲ. ಟೈರಿನ ಅಂಚಿನಲ್ಲಿ 'ಟಿಡಬ್ಲ್ಯುಐ' ಎಂಬ ಅಕ್ಷರ ಅಥವಾ ಸಣ್ಣ ತ್ರಿಕೋನ ಇರುತ್ತದೆ. ಅದರ ನೇರಕ್ಕೆ ತೋಡಿನೊಳಗೆ ಚಿಕ್ಕ ದಿಬ್ಬ ಕಾಣುತ್ತದೆ. ಸುತ್ತಲಿನ ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು ಎಂದರ್ಥ.

ಎರಡನೆಯದು ಕಾಲ. ಓಡದೆ ನಿಂತ ಬೈಕಿನ ಟೈರ್ ಕೂಡ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. '2324' ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟೈರ್ ಕೂಡ ಹೊಳೆಯುತ್ತದೆ. ಆದ್ದರಿಂದ ಹೊಳಪು ನೋಡದೆ ಈ ಅಂಕಿ ನೋಡಬೇಕು.

ಟೈರಿನ ಮೇಲಿನ ಬರಹ

ಅವೆಂಜರ್‌ನ ಹಿಂದಿನ ಟೈರಿನ ಮೇಲೆ 130/90-15 66ಪಿ ಎಂದಿರುತ್ತದೆ. 130 ಎಂದರೆ ಮಿಲಿಮೀಟರಿನಲ್ಲಿ ಅಗಲ. 90 ಎಂದರೆ ಎತ್ತರವು ಅಗಲದ ಶೇ. 90, ಅಂದರೆ 117 ಮಿ.ಮೀ. 15 ಎಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ. 66 ಎಂಬುದು 300 ಕೆ.ಜಿ. ಭಾರ ಹೊರುವ ಸಾಮರ್ಥ್ಯದ ಸಂಕೇತ, 'ಪಿ' ಗಂಟೆಗೆ 150 ಕಿ.ಮೀ. ವೇಗಮಿತಿಯ ಸಂಕೇತ. ಮುಂದಿನ ಟೈರ್ 90/90-17, ಅದರ ಭಾರದ ಸಂಕೇತ 49, ಅಂದರೆ 185 ಕೆ.ಜಿ. ಮಾತ್ರ. ಕ್ರೂಸರ್‌ನಲ್ಲಿ ಸೀಟು ತಗ್ಗಾಗಿದ್ದು ಹಿಂದಕ್ಕಿರುತ್ತದೆ, ಸವಾರರ ಭಾರ ಹೆಚ್ಚಾಗಿ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಅದಕ್ಕೇ ಆ ದಪ್ಪ ಟೈರ್. ಹೊಸದನ್ನು ಕೊಳ್ಳುವಾಗ ಅಳತೆ ಅದೇ ಇರಬೇಕು, ಭಾರ ಮತ್ತು ವೇಗದ ಸಂಕೇತಗಳು ಕಡಿಮೆಯಾಗಬಾರದು. ಐ.ಎಸ್.ಐ. ಗುರುತೂ ಇರಬೇಕು.

"ಇನ್ನೂ ಅಗಲದ್ದು ಹಾಕಿಸಿ, ಲುಕ್ ಬರುತ್ತೆ" ಎನ್ನುವವರು ಸಿಗುತ್ತಾರೆ. ಅದೇ ರಿಮ್ಮಿಗೆ ಅಗಲದ ಟೈರ್ ಹಾಕಿದರೆ ಅದರ ಆಕಾರ ಹಿಂಡಿದಂತಾಗುತ್ತದೆ, ತಿರುವಿನಲ್ಲಿ ಹಿಡಿತ ಬದಲಾಗುತ್ತದೆ, ಚೈನಿಗೆ ತಾಗಲೂಬಹುದು. ಸ್ಪೋಕ್ ಚಕ್ರವಾದರೆ ಟ್ಯೂಬ್ ಬೇಕು. ಕಡ್ಡಿಗಳಿಗಾಗಿ ರಿಮ್ಮಿನಲ್ಲಿ ತೂತುಗಳಿರುವುದರಿಂದ ಟ್ಯೂಬಿಲ್ಲದೆ ಗಾಳಿ ನಿಲ್ಲುವುದಿಲ್ಲ. ಹೊಸ ಟೈರಿನ ಜೊತೆ ಟ್ಯೂಬನ್ನೂ ಹೊಸದಾಗಿಯೇ ಹಾಕಿಸುವುದು ಲೇಸು.

ಯಾವುದು ಅಗ್ಗ?

ಲೆಕ್ಕದ ಸುಲಭಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. 3,000 ರೂಪಾಯಿಯ ಹೊಸ ಟೈರ್ 20,000 ಕಿ.ಮೀ. ಬಂದರೆ ಕಿಲೋಮೀಟರಿಗೆ 15 ಪೈಸೆ. 1,200 ರೂಪಾಯಿಯ ಸೆಕೆಂಡ್ ಹ್ಯಾಂಡ್ ಟೈರ್ 6,000 ಕಿ.ಮೀ. ಬಂದರೆ 20 ಪೈಸೆ. ಜೇಬಿನಿಂದ ಇವತ್ತು ಕಡಿಮೆ ಹೋಗುತ್ತದೆ, ಒಟ್ಟಿನಲ್ಲಿ ಹೆಚ್ಚು ಹೋಗುತ್ತದೆ. ಒಳಗೆ ಪೆಟ್ಟು ಬಿದ್ದಿದ್ದರೆ ಹೊರಗಿನಿಂದ ತಿಳಿಯುವುದೂ ಇಲ್ಲ. ಅಬ್ಬಾ ಮುಂದೆ ಈ ಲೆಕ್ಕ ಇಟ್ಟಾಗ ಅವರು ಹೊಸದನ್ನೇ ಆರಿಸಿದರು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿ, ಬಿಲ್ ಜೋಪಾನವಾಗಿಡಿ. ವಾರಂಟಿ ಕೇಳಲು ಅದೇ ಆಧಾರ.

ಹಾಕಿಸಿದ ಮೇಲೆ

ಟೈರಿನ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇದೆಯೇ ಎಂದು ಅಂಗಡಿಯಿಂದ ಹೊರಡುವ ಮೊದಲೇ ನೋಡಿ. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ 100-150 ಕಿ.ಮೀ. ನಿಧಾನವಾಗಿ ಓಡಿಸಬೇಕು. ಗಾಳಿಯನ್ನು ಟೈರ್ ತಣ್ಣಗಿರುವಾಗ, ಕಂಪನಿ ಹೇಳಿದಷ್ಟೇ ತುಂಬಿಸಬೇಕು. ಹಿಂದೆ ಒಬ್ಬರು ಕೂರುವುದಾದರೆ ಅದಕ್ಕೆ ಬೇರೆ ಅಳತೆ ಇರುತ್ತದೆ.

ಬೈಕ್ ಎಷ್ಟೇ ದೊಡ್ಡದಿರಲಿ, ರಸ್ತೆಗೆ ತಾಗುವುದು ಎರಡು ಅಂಗೈಯಷ್ಟು ರಬ್ಬರ್ ಮಾತ್ರ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮನೆಯ ಬೈಕಿನ ಪಕ್ಕ ಒಂದು ನಿಮಿಷ ಕೂತು ಆ ನಾಲ್ಕು ಅಂಕಿ ಮತ್ತು ತೋಡಿನೊಳಗಿನ ದಿಬ್ಬ ನೋಡಿ. ಅದಕ್ಕೆ ಖರ್ಚೇನೂ ಇಲ್ಲ.